ಸಿನಿಮಾ ಹೇಗಿದೆ ಅಂತ ಯಾರನ್ನ ಕೇಳೋದು?

ರಾತ್ರಿ ಏಳರಿಂದ ಹತ್ತರವರೆಗೆ ನಮ್ಮ ಮನೆಯ ರಿಮೋಟ್ ಅಮ್ಮನ ಪಕ್ಕದಲ್ಲೇ ಇರುತ್ತದೆ. ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಾ ಸೀರಿಯಲ್ ನೋಡುತ್ತಾರೆ. ನೋಡುತ್ತಾ ಬೈಯುತ್ತಾರೆ. "ಆ ಒಂದು ಮಾತು ಗಂಡನ ಹತ್ರ ಹೇಳಿಬಿಟ್ಟಿದ್ರೆ ಅವತ್ತೇ ಮುಗೀತಿತ್ತು. ಮೂರು ತಿಂಗಳಿಂದ ಬಾಯಿ ಮುಚ್ಕೊಂಡು ಅಳ್ತಾ ಇದಾಳೆ ನೋಡು." ಹೋದ ವಾರ ಇದನ್ನೇ ಎರಡು ಸಲ ಹೇಳಿದರು.

ಇದು ಸುಮ್ನೆ ಗೊಣಗಾಟ ಅಂತ ನನಗೆ ಬಹಳ ದಿನ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಇಡೀ ಕಥೆ ನಿಂತಿರುವುದೇ ಒಬ್ಬಳು ಒಂದು ಮಾತು ಹೇಳದೇ ಇರುವುದರ ಮೇಲೆ. ಅವಳು ಯಾಕೆ ಹೇಳುತ್ತಿಲ್ಲ ಅನ್ನುವುದಕ್ಕೆ ಬರೆದವರು ಒಂದು ಗಟ್ಟಿ ಕಾರಣ ಕೊಟ್ಟಿಲ್ಲ. ಚಿತ್ರಕಥೆ ಬರೆಯುವವರು ಒಂದು ಕಡೆ ಕೂತು ಅರ್ಧ ದಿನ ಚರ್ಚಿಸಿದರೆ ಸಿಗುವ ದೋಷ ಅದು. ಅಮ್ಮ ಅವರೆಕಾಯಿ ಬಿಡಿಸುತ್ತಾ ಹಿಡಿದುಬಿಟ್ಟರು.

ಈಗ ನೋಡಿ, ಈ ಮಾತು ಎಲ್ಲಿ ದಾಖಲಾಗುತ್ತದೆ? ಎಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಟಿಆರ್‌ಪಿ ಮೀಟರ್ ಇದ್ದಿದ್ದರೆ ಅದು ಬರೆದುಕೊಳ್ಳುತ್ತಿದ್ದದ್ದು ಇಷ್ಟೇ: ಈ ಮನೆ, ಹೆಂಗಸು, ಇಷ್ಟು ವಯಸ್ಸು, ಏಳೂವರೆಯಿಂದ ಎಂಟರವರೆಗೆ ಈ ಚಾನೆಲ್ ನೋಡಿದರು. ಬೈದದ್ದು ಮೀಟರ್‌ಗೆ ಕೇಳಿಸುವುದಿಲ್ಲ. ಬೈಯುತ್ತಾ ನೋಡಿದ ಆ ಅರ್ಧ ಗಂಟೆ ಸೀರಿಯಲ್ ಪರವಾಗಿಯೇ ಲೆಕ್ಕಕ್ಕೆ ಹೋಗುತ್ತದೆ.

ನನ್ನ ತಲೆಯಲ್ಲಿ ಸುತ್ತುತ್ತಿರುವ ಪ್ರಶ್ನೆ ಇದೇ. ನಮ್ಮಂಥ ಸಾಮಾನ್ಯ ಪ್ರೇಕ್ಷಕರ ಅಭಿಪ್ರಾಯಕ್ಕೆ ಈಗ ಇರುವಷ್ಟು ಬೆಲೆ ಯಾವತ್ತೂ ಇರಲಿಲ್ಲ. ಸಿನಿಮಾ ತಂಡಗಳು ಅದಕ್ಕೆ ಹೆದರುತ್ತವೆ, ಕೋರ್ಟಿಗೆ ಹೋಗುತ್ತವೆ, ಅಭಿಮಾನಿಗಳು ಅದಕ್ಕಾಗಿ ಜಗಳ ಆಡುತ್ತಾರೆ. ಆದರೆ ಜನ ನಿಜವಾಗಿ ಏನು ಹೇಳಿದರು ಅನ್ನುವುದು ಮಾತ್ರ ದಿನೇ ದಿನೇ ಕಾಣೆಯಾಗುತ್ತಿದೆ. ಉಳಿಯುತ್ತಿರುವುದು ಬರೀ ಅಂಕಿ.

ಟಿಆರ್‌ಪಿಯಿಂದಲೇ ಶುರು ಮಾಡೋಣ, ಯಾಕೆಂದರೆ ಅದು ಸ್ವಲ್ಪ ಬೇಗ ಅರ್ಥವಾಗುತ್ತದೆ. ದೇಶದಲ್ಲಿ ಸುಮಾರು 21 ಕೋಟಿ ಮನೆಗಳಲ್ಲಿ ಟಿವಿ ಇದೆ ಅಂತ 2020ರ ಅಂದಾಜು. ಟಿಆರ್‌ಪಿ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ ಮೀಟರ್ ಇಟ್ಟಿರುವುದು ಸುಮಾರು 55 ಸಾವಿರ ಮನೆಗಳಲ್ಲಿ. ಅಂದರೆ ಒಂದು ಮೀಟರ್ ಮನೆ ಹೆಚ್ಚು ಕಡಿಮೆ 3,800 ಮನೆಗಳ ಪರವಾಗಿ ಮಾತಾಡುತ್ತದೆ. ಚಾನೆಲ್‌ನ ಧ್ವನಿಯಲ್ಲೇ ನಮಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಓಡುತ್ತಿದೆ ಅಂತ ತಿಳಿದುಕೊಳ್ಳುತ್ತದೆ, ಯಾರು ನೋಡುತ್ತಿದ್ದಾರೆ ಅನ್ನುವುದಕ್ಕೆ ಮನೆಯವರು ತಂತಮ್ಮ ಬಟನ್ ಒತ್ತಬೇಕು.

ಇಷ್ಟು ಕಡಿಮೆ ಮನೆ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಸಾಕು. ಅನ್ನ ಬೆಂದಿದೆಯಾ ಅಂತ ನೋಡೋಕೆ ಎರಡು ಅಗುಳು ಹಿಚುಕಿದರೆ ಗೊತ್ತಾಗುತ್ತದೆ, ಪಾತ್ರೆ ಪೂರ್ತಿ ತಿನ್ನಬೇಕಾಗಿಲ್ಲ. ಆದರೆ ಅಗುಳು ಪಾತ್ರೆಯ ಬೇರೆ ಬೇರೆ ಕಡೆಯಿಂದ ಬಂದಿರಬೇಕು, ಅದನ್ನು ಯಾರೂ ಬೇರೆ ಒಲೆಯಲ್ಲಿ ಬೇಯಿಸಿ ತಂದು ಹಾಕಿರಬಾರದು. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಮಾಡಿದ ಆರೋಪ ಇದೇ ಥರದ್ದು. ಮೀಟರ್ ಇರುವ ಕೆಲವು ಮನೆಗಳಿಗೆ ದುಡ್ಡು ಕೊಟ್ಟು ನಿರ್ದಿಷ್ಟ ಚಾನೆಲ್ ಹಾಕಿಡಿ ಅಂತ ಹೇಳಿದ್ದಾರೆ ಅನ್ನುವುದು. ಆಮೇಲೆ ನ್ಯೂಸ್ ಚಾನೆಲ್‌ಗಳ ರೇಟಿಂಗ್ ನಿಂತುಹೋಯಿತು, ಮತ್ತೆ ಬಂದದ್ದು 2022ರ ಮಾರ್ಚ್‌ನಲ್ಲಿ.

ಇದಕ್ಕಿಂತ ನನ್ನನ್ನು ಕಾಡುವುದು ಮೊದಲಿನ ವಿಷಯ. ಮೀಟರ್ ಸರಿಯಾಗಿಯೇ ಕೆಲಸ ಮಾಡಿದರೂ ಅದು ಕೇಳುವ ಪ್ರಶ್ನೆ "ನೋಡಿದಿರಾ?" ಅನ್ನುವುದು. "ಹಿಡಿಸಿತಾ?" ಅಂತಲ್ಲ. "ಇನ್ನೊಬ್ಬರಿಗೆ ನೋಡಿ ಅಂತ ಹೇಳುತ್ತೀರಾ?" ಅಂತಂತೂ ಅಲ್ಲವೇ ಅಲ್ಲ. ಈ ಮೂರೂ ಬೇರೆ ಬೇರೆ ಪ್ರಶ್ನೆ. ಒಬ್ಬರೇ ಮನುಷ್ಯರು ಮೂರಕ್ಕೂ ಬೇರೆ ಬೇರೆ ಉತ್ತರ ಕೊಡಬಹುದು, ನಮ್ಮಮ್ಮ ದಿನಾ ಕೊಡುತ್ತಾರೆ. ಗೌರಿ ಕಾಡಿಗೆ ಹೋದ 'ಪುಟ್ಟಗೌರಿ ಮದುವೆ' ಎಪಿಸೋಡ್‌ಗಳನ್ನು ನೆನಪು ಮಾಡಿಕೊಳ್ಳಿ. ಊರೆಲ್ಲಾ ಅದರ ಟ್ರೋಲ್ ಹಂಚಿಕೊಂಡು ನಕ್ಕಿತು. ನಗೋಕೆ ಅಂತ ಟಿವಿ ಹಾಕಿ ಕೂತವರೂ ನೋಡಿದವರೇ ಅಲ್ವಾ?

ನೆಟ್‌ಫ್ಲಿಕ್ಸ್‌ನವರಿಗೂ ಈ ಸಮಸ್ಯೆ ಇನ್ನೊಂದು ದಿಕ್ಕಿನಿಂದ ಎದುರಾಗಿತ್ತು. ಮೊದಲು ಅಲ್ಲಿ ಐದು ಸ್ಟಾರ್ ಕೊಡುವ ವ್ಯವಸ್ಥೆ ಇತ್ತು. ಜನ ಗಂಭೀರವಾದ ಡಾಕ್ಯುಮೆಂಟರಿಗೆ ಐದು ಸ್ಟಾರ್ ಕೊಡುತ್ತಿದ್ದರು, ಹಗುರವಾದ ಕಾಮಿಡಿಗೆ ಮೂರು. ರಾತ್ರಿ ಸುಸ್ತಾಗಿ ಬಂದು ಹಾಕುತ್ತಿದ್ದದ್ದು ಮಾತ್ರ ಆ ಕಾಮಿಡಿಯನ್ನೇ. ಸ್ಟಾರ್ ಕೊಡುವಾಗ ನಾವು "ಇದು ಒಳ್ಳೆಯ ಸಿನಿಮಾನಾ?" ಅನ್ನುವ ಪ್ರಶ್ನೆಗೆ ಉತ್ತರಿಸುತ್ತೇವೆ, ಸೋಫಾ ಮೇಲೆ ಕಾಲು ಚಾಚಿದಾಗ "ಇವತ್ತು ನನಗೇನು ಬೇಕು?" ಅನ್ನುವುದಕ್ಕೆ. 2017ರಲ್ಲಿ ಸ್ಟಾರ್ ತೆಗೆದು ಹೆಬ್ಬೆಟ್ಟು ಮೇಲೆ, ಹೆಬ್ಬೆಟ್ಟು ಕೆಳಗೆ ಅಂತ ಮಾಡಿದರು. ಮರುವರ್ಷ ಪ್ರೇಕ್ಷಕರು ಬರೆದ ವಿಮರ್ಶೆಗಳನ್ನೂ ತೆಗೆದುಬಿಟ್ಟರು. ಅದು ನನಗೆ ಬೇಜಾರಿನ ವಿಷಯ. ಹೆಬ್ಬೆಟ್ಟು ಕಂಪನಿಗೆ ಉಪಯೋಗ, ಬರೆದ ಮಾತು ಇನ್ನೊಬ್ಬ ಪ್ರೇಕ್ಷಕನಿಗೆ ಉಪಯೋಗ. ತೆಗೆದುಹಾಕಿದ್ದು ಎರಡನೆಯದನ್ನು.

ಸಿನಿಮಾ ರೇಟಿಂಗ್‌ಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಯಾಕೆಂದರೆ ಒಂದೇ ಥರ ಕಾಣುವ ಅಂಕಿಗಳು ಒಂದೇ ಅಲ್ಲ.

ವಿಮರ್ಶಕರ, ಪ್ರೇಕ್ಷಕರ ಅಭಿಪ್ರಾಯ ಒಟ್ಟುಮಾಡಿ ತೋರಿಸುವ ರಾಟನ್ ಟೊಮ್ಯಾಟೋಸ್ ಅನ್ನುವ ಸೈಟ್‌ನಲ್ಲಿ ಪ್ರೇಕ್ಷಕರ ಅಂಕ ಶೇಕಡ 90 ಅಂತ ಇದ್ದರೆ ಅದರರ್ಥ ಸಿನಿಮಾಗೆ ನೂರಕ್ಕೆ ತೊಂಬತ್ತು ಅಂಕ ಬಂತು ಅಂತಲ್ಲ. ನೂರರಲ್ಲಿ ತೊಂಬತ್ತು ಜನ ಐದಕ್ಕೆ ಮೂರೂವರೆ ಅಥವಾ ಅದಕ್ಕಿಂತ ಜಾಸ್ತಿ ಸ್ಟಾರ್ ಕೊಟ್ಟರು ಅಂತ. ಎಲ್ಲರೂ "ಪರವಾಗಿಲ್ಲ, ಒಂದ್ಸಲ ನೋಡಬಹುದು" ಅಂತ ಸರಿಯಾಗಿ ಮೂರೂವರೆ ಕೊಟ್ಟರೆ ಆ ಸಿನಿಮಾಗೆ ನೂರಕ್ಕೆ ನೂರು. ಅರ್ಧ ಜನ ಜೀವನದಲ್ಲೇ ಇಂಥದ್ದು ನೋಡಿಲ್ಲ ಅಂತ ಐದು ಕೊಟ್ಟು, ಇನ್ನರ್ಧ ಜನ ಒಂದು ಕೊಟ್ಟರೆ ಬರೀ ಐವತ್ತು. ಯಾರೂ ಬೇಡ ಅನ್ನದ ಉಪ್ಪಿಟ್ಟಿನಂಥ ಸಿನಿಮಾಕ್ಕೆ ಈ ಲೆಕ್ಕ ಅನುಕೂಲ. ಜನರನ್ನು ಎರಡು ಭಾಗ ಮಾಡುವ ಸಿನಿಮಾಕ್ಕೆ ನಷ್ಟ. ಐಎಮ್‌ಡಿಬಿ ಅನ್ನುವ ಇನ್ನೊಂದು ಸಿನಿಮಾ ಸೈಟ್‌ನಲ್ಲಿ ಹತ್ತಕ್ಕೆ ಇಷ್ಟು ಅಂತ ಇರುವುದು ಸರಾಸರಿ, ಅದೂ ನೇರ ಸರಾಸರಿ ಅಲ್ಲ. ಕೆಲವು ಮತಗಳಿಗೆ ತೂಕ ಜಾಸ್ತಿ, ಕೆಲವಕ್ಕೆ ಕಡಿಮೆ, ಸರಿಯಾದ ಸೂತ್ರವನ್ನು ಅವರು ಹೊರಗೆ ಹೇಳುವುದಿಲ್ಲ.

ಅಮೆರಿಕದಲ್ಲಿ ಸಿನಿಮಾಸ್ಕೋರ್ ಅಂತ ಇನ್ನೊಂದು ಇದೆ. ಅದು ಇಂಟರ್ನೆಟ್‌ಗಿಂತ ಹಳೆಯದು, 1970ರ ದಶಕದ ಕೊನೆಯಿಂದ ನಡೆಯುತ್ತಿದೆ. ಮೊದಲ ದಿನದ ಶೋ ನೋಡಲು ಬಂದವರ ಕೈಗೆ ಒಂದು ಕಾರ್ಡ್ ಕೊಟ್ಟು ಗ್ರೇಡ್ ಕೇಳುತ್ತಾರೆ, ಎ ಪ್ಲಸ್‌ನಿಂದ ಎಫ್ ತನಕ. 2017ರ ಡಿಸೆಂಬರ್‌ನಲ್ಲಿ ಬಂದ ಸ್ಟಾರ್ ವಾರ್ಸ್ ಸಿನಿಮಾ 'ದಿ ಲಾಸ್ಟ್ ಜೆಡೈ'ಗೆ ಈ ಕಾರ್ಡುಗಳಲ್ಲಿ ಬಂದ ಗ್ರೇಡ್ ಎ. ವಿಮರ್ಶಕರಲ್ಲಿ ಹತ್ತಕ್ಕೆ ಒಂಬತ್ತು ಜನ ಮೆಚ್ಚಿದರು. ಆದರೆ ರಾಟನ್ ಟೊಮ್ಯಾಟೋಸ್‌ನ ಪ್ರೇಕ್ಷಕರ ಅಂಕ ಐವತ್ತಕ್ಕಿಂತ ಕೆಳಗೆ.

ಒಂದೇ ಸಿನಿಮಾ. ಎರಡೂ ಕಡೆ ಮಾತಾಡಿದವರು ಪ್ರೇಕ್ಷಕರೇ. ಹಾಗಾದರೆ ಯಾರು ಸುಳ್ಳು? ಯಾರೂ ಸುಳ್ಳು ಹೇಳಬೇಕಾಗಿಲ್ಲ. ಥಿಯೇಟರ್‌ನಲ್ಲಿ ಕಾರ್ಡ್ ಕೊಟ್ಟಾಗ ಏನೂ ಹೇಳಬೇಕು ಅಂತ ಅಂದುಕೊಂಡೇ ಇರದವರೂ ಉತ್ತರಿಸುತ್ತಾರೆ. ಮನೆಗೆ ಹೋಗಿ, ಸೈಟ್ ತೆರೆದು, ಲಾಗಿನ್ ಆಗಿ, ಸ್ಟಾರ್ ಒತ್ತುವವರು ಬೇರೆ ಜನ. ಅವರಿಗೆ ಅಷ್ಟು ಕೋಪ ಬಂದಿರಬೇಕು, ಇಲ್ಲಾ ಅಷ್ಟು ಪ್ರೀತಿ ಉಕ್ಕಿರಬೇಕು. "ಚೆನ್ನಾಗಿತ್ತು, ಊಟ ಮಾಡಿ ಮಲಗೋಣ" ಅನ್ನುವ ಮನುಷ್ಯ ಆ ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಬಹುಪಾಲು ಜನ ಆ ಮನುಷ್ಯನೇ. ಅದಕ್ಕೇ ಆನ್‌ಲೈನ್ ರೇಟಿಂಗ್‌ಗಳನ್ನು ಬಿಡಿಸಿ ನೋಡಿದರೆ ಎರಡೂ ತುದಿಯಲ್ಲಿ ರಾಶಿ, ನಡುವೆ ಪೊಳ್ಳು. ಒಂದು ಸ್ಟಾರ್ ಬಹಳ, ಐದು ಸ್ಟಾರ್ ಇನ್ನೂ ಬಹಳ, ಮೂರು ಸ್ಟಾರ್ ಅಲ್ಲೊಂದು ಇಲ್ಲೊಂದು.

ಇನ್ನೂ ಒಂದು ವಿಷಯ ಇದೆ. ಮೊದಲು ಬಂದವರು ಏನು ಒತ್ತಿದ್ದಾರೆ ಅನ್ನುವುದು ಆಮೇಲೆ ಬಂದವರ ಕೈಯನ್ನು ಎಳೆಯುತ್ತದೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ, ಸುದ್ದಿ ಹಂಚಿಕೊಳ್ಳುವ ಒಂದು ಸೈಟ್‌ನ ಒಂದು ಲಕ್ಷಕ್ಕೂ ಹೆಚ್ಚು ಕಾಮೆಂಟ್‌ಗಳನ್ನು ತೆಗೆದುಕೊಂಡು, ಕೆಲವಕ್ಕೆ ಬಂದ ತಕ್ಷಣವೇ ಸಂಶೋಧಕರು ತಾವೇ ಒಂದು ಸುಳ್ಳು ಮೆಚ್ಚುಗೆ ಒತ್ತಿದರು, ಕೆಲವಕ್ಕೆ ಒಂದು ಸುಳ್ಳು ವಿರೋಧ ಒತ್ತಿದರು. ಒಂದೇ ಒಂದು. ಮೆಚ್ಚುಗೆ ಸಿಕ್ಕ ಕಾಮೆಂಟ್‌ಗಳ ಕೊನೆಯ ಅಂಕ ಸರಾಸರಿ ಶೇಕಡ 25ರಷ್ಟು ಮೇಲೆ ಹೋಯಿತು. ವಿರೋಧ ಒತ್ತಿದ್ದನ್ನು ಮಾತ್ರ ಜನರೇ ಸರಿ ಮಾಡಿಬಿಟ್ಟರು. ಅಂದರೆ ಸುಳ್ಳು ಬೈಗುಳಕ್ಕಿಂತ ಸುಳ್ಳು ಹೊಗಳಿಕೆ ಅಲ್ಲಿ ಜಾಸ್ತಿ ಹೊತ್ತು ಬಾಳಿತು. ಸಿನಿಮಾ ವಿಷಯದಲ್ಲೂ ಹಾಗೇ ಆಗುತ್ತದೆ ಅಂತ ಇದರಿಂದ ಹೇಳೋಕಾಗಲ್ಲ. ಆದರೆ ಬೆಳಗಿನ ಶೋ ಮುಗಿಯುವ ಮೊದಲೇ 9.8 ಅಂತ ಬಿದ್ದಿರುವ ಅಂಕಿ ನೋಡಿದಾಗಲೆಲ್ಲಾ ನನಗೆ ಈ ಪ್ರಯೋಗ ನೆನಪಾಗುತ್ತದೆ. ಅಲ್ಲಿ ಒತ್ತಿದ್ದು ಒಂದೇ ಬೆರಳು. ಇಲ್ಲಿ ಅಭಿಮಾನಿ ಸಂಘದ ವಾಟ್ಸಾಪ್ ಗುಂಪುಗಳೇ ಕೂತಿರುತ್ತವೆ.

ಎಪಿಸೋಡ್‌ಗಳ ರೇಟಿಂಗ್‌ನಲ್ಲಿ ಇನ್ನೊಂದು ತಮಾಷೆಯ ಲೆಕ್ಕ ಸೇರಿಕೊಳ್ಳುತ್ತದೆ. ಉದ್ದದ ಸರಣಿಗಳಲ್ಲಿ ಸೀಸನ್ ಕಳೆದಂತೆ ರೇಟಿಂಗ್ ಏರುವುದು ಎಷ್ಟೋ ಕಡೆ ಕಾಣುತ್ತದೆ. ಕಥೆ ಚೆನ್ನಾಗಾಗುತ್ತಾ ಹೋಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಅದು ನಿಜವೂ ಇರಬಹುದು. ಆದರೆ ಹಿಡಿಸದವರು ಮೊದಲ ಸೀಸನ್‌ನಲ್ಲೇ ಎದ್ದುಹೋಗಿರುತ್ತಾರೆ ಅನ್ನುವುದನ್ನು ಮರೆಯಬಾರದು. ಐದನೇ ಸೀಸನ್‌ಗೆ ಅಂಕ ಕೊಡಲು ಉಳಿದಿರುವವರು ಪ್ರೀತಿಸಿದವರು ಮಾತ್ರ. ಹಾಗಾಗಿ ಅಷ್ಟು ದೂರ ಜೊತೆಗೆ ಬಂದವರೇ ತಿರುಗಿ ಬಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2019ರಲ್ಲಿ 'ಗೇಮ್ ಆಫ್ ಥ್ರೋನ್ಸ್' ಮುಗಿದಾಗ ಕೊನೆಯ ಎಪಿಸೋಡ್‌ನ ಅಂಕ ಹತ್ತಕ್ಕೆ ನಾಲ್ಕರ ಆಸುಪಾಸಿಗೆ ಇಳಿಯಿತು, ಕೊನೆಯ ಸೀಸನ್ ಮತ್ತೆ ಮಾಡಿ ಅಂತ ಹತ್ತು ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಎಂಟು ಸೀಸನ್ ಕೂತು ನೋಡಿದವರ ಸಂಕಟ ಅದು. ಮತ್ತೆ ಮಾಡಿ ಅನ್ನುವ ಪರಿಹಾರ ಸರಿಯಿಲ್ಲದಿರಬಹುದು. ಅವಸರ ಮಾಡಿದಿರಿ ಅನ್ನುವ ದೂರು ಸರಿಯಾಗಿಯೇ ಇತ್ತು.

ಸಾಮಾನ್ಯ ಪ್ರೇಕ್ಷಕರ ಮಾತನ್ನು ಹೇಗೆ ಕೇಳಬೇಕು ಅನ್ನುವುದಕ್ಕೆ ನನ್ನ ಉತ್ತರವೂ ಇಲ್ಲೇ ಇದೆ. ಎಲ್ಲಿ ಬೇಜಾರಾಯಿತು, ಎಲ್ಲಿ ಮೊಬೈಲ್ ತೆಗೆದೆ, ಎಲ್ಲಿ ಕಣ್ಣು ತುಂಬಿತು ಅನ್ನುವುದರಲ್ಲಿ ನೋಡುಗರು ತಪ್ಪು ಹೇಳುವುದು ಕಡಿಮೆ. ಅದು ಅವರ ಮೈಮೇಲೆ ನಡೆದ ಸಂಗತಿ. ಯಾಕೆ ಹಾಗಾಯಿತು, ಏನು ಮಾಡಿದ್ದರೆ ಸರಿಹೋಗುತ್ತಿತ್ತು ಅನ್ನುವಾಗ ತಪ್ಪಬಹುದು. "ಸೆಕೆಂಡ್ ಹಾಫ್ ಲ್ಯಾಗ್" ಅಂತ ಎಲ್ಲರೂ ಹೇಳುತ್ತಾರೆ. ಎಷ್ಟೋ ಸಲ ಎಳೆದಿರುವುದು ಸೆಕೆಂಡ್ ಹಾಫ್ ಅಲ್ಲ, ಮೊದಲರ್ಧದಲ್ಲಿ ನಾಯಕನಿಗೆ ನಿಜವಾಗಿ ಏನು ಬೇಕು ಅಂತ ಹೇಳದೇ ಬಿಟ್ಟಿರುವುದರಿಂದ ಎರಡನೆಯ ಅರ್ಧದಲ್ಲಿ ಅವನು ಓಡಿದರೂ ನಮಗೆ ಏನೂ ಅನ್ನಿಸುವುದಿಲ್ಲ. ಹೊಟ್ಟೆನೋವು ಅಂತ ಬಂದವನಿಗೆ ಕಾಯಿಲೆಯ ಹೆಸರು ಗೊತ್ತಿರಬೇಕಾಗಿಲ್ಲ. ನೋವು ಎಲ್ಲಿ ಅಂತ ತೋರಿಸಿದರೆ ಸಾಕು.

ಹಾಗೆ ತೋರಿಸಲು ಒಂದು ವಾಕ್ಯವಾದರೂ ಬೇಕಲ್ಲ. ಅದಕ್ಕೆ ಜಾಗ ಎಲ್ಲಿದೆ?

ಒಮ್ಮೆ ದೊಡ್ಡ ನಟರೊಬ್ಬರ ಸಿನಿಮಾದ ಮೊದಲ ದಿನ ಬೆಳಗಿನ ಶೋ ನೋಡಿ ಹೊರಗೆ ಬಂದೆ. ಗೇಟಿನ ಹತ್ತಿರ ಐದಾರು ಮೈಕುಗಳು ಕಾಯುತ್ತಿದ್ದವು. ಹುಡುಗರ ಗುಂಪು ಕಿರುಚುತ್ತಿತ್ತು, ಪಟಾಕಿ ಹೊಗೆ ಇನ್ನೂ ಹೋಗಿರಲಿಲ್ಲ. ನನ್ನ ಮುಂದೆ ಒಬ್ಬರು ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದರು. ಮೈಕ್ ಹಿಡಿದ ಹುಡುಗ ಅವರನ್ನು ಕೇಳಿದ. ಅವರು ನಿಂತು, ಸ್ವಲ್ಪ ಯೋಚನೆ ಮಾಡಿ ಹೇಳಿದರು: "ಚೆನ್ನಾಗಿದೆ. ಫೈಟ್ ಸ್ವಲ್ಪ ಜಾಸ್ತಿ ಆಯ್ತು. ಇಂಟರ್ವಲ್ ಆದ್ಮೇಲೆ ನನ್ನ ಮಗಳು ಮಲಗಿಬಿಟ್ಲು. ಆಮೇಲೆ ಆ ತಾಯಿ ಸೀನ್ ಬಂತಲ್ಲ, ಎಲ್ಲಾ ಸುಮ್ನಾದ್ರು ನೋಡಿ, ಆ ಸೈಲೆನ್ಸಿಗೆ ಎದ್ದು ಕೂತ್ಲು." ಹುಡುಗ, "ಒಂದೇ ಲೈನಲ್ಲಿ ಹೇಳಿ ಸರ್, ಎಷ್ಟು ಸ್ಟಾರ್?" ಅಂದ. "ಹಾಗೆಲ್ಲಾ ಹೇಳೋಕಾಗಲ್ಲಪ್ಪ" ಅಂತ ಅವರು ಹೊರಟುಹೋದರು.

ಗದ್ದಲಕ್ಕೆ ಮಲಗಿ ನಿಶ್ಶಬ್ದಕ್ಕೆ ಎದ್ದ ಮಗು. ಆ ಸಿನಿಮಾ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ಮಾತು ಅದು. ಸಂಜೆ ಆ ವಿಡಿಯೋ ಹುಡುಕಿ ನೋಡಿದೆ. ಅವರು ಅದರಲ್ಲಿ ಇರಲಿಲ್ಲ. "ಬೆಂಕಿ", "ಬ್ಲಾಕ್‌ಬಸ್ಟರ್", "ಐದಕ್ಕೆ ಹತ್ತು ಸ್ಟಾರ್" ಅಂದವರು ಇದ್ದರು, ಕೊನೆಯಲ್ಲಿ "ದುಡ್ಡು ದಂಡ" ಅಂದ ಒಬ್ಬ ಇದ್ದ.

ಈಗ ಕೋರ್ಟಿನ ಕಥೆ. 2023ರಲ್ಲಿ ಕೇರಳ ಹೈಕೋರ್ಟ್ ಮುಂದೆ ಆನ್‌ಲೈನ್ ಸಿನಿಮಾ ವಿಮರ್ಶೆಗಳ ವಿಷಯ ಬಂತು. ದುಡ್ಡಿಗಾಗಿ ಬೇಕಂತಲೇ ಸಿನಿಮಾ ಕೆಡಿಸುವ ವಿಮರ್ಶೆಗಳ ಮೇಲೆ ಕೊಚ್ಚಿ ಪೊಲೀಸರು ಕೇಸೂ ದಾಖಲಿಸಿದರು. ಕೋರ್ಟಿಗೆ ನೆರವಾಗಲು ನೇಮಕವಾಗಿದ್ದ ವಕೀಲರು 2024ರಲ್ಲಿ ಕೊಟ್ಟ ವರದಿಯಲ್ಲಿ, ಬಿಡುಗಡೆಯಾಗಿ 48 ಗಂಟೆ ವ್ಲಾಗರ್‌ಗಳು, ಅಂದರೆ ಆನ್‌ಲೈನ್‌ನಲ್ಲಿ ವಿಡಿಯೋ ಮಾಡಿ ಹಾಕುವವರು, ವಿಮರ್ಶೆ ಹಾಕಬಾರದು ಅನ್ನುವ ಸಲಹೆ ಇತ್ತು. ಅದೇ ವರ್ಷ ನವೆಂಬರ್‌ನಲ್ಲಿ ತಮಿಳು ನಿರ್ಮಾಪಕರ ಸಂಘ ಥಿಯೇಟರ್ ಆವರಣಕ್ಕೆ ಯೂಟ್ಯೂಬ್ ಮೈಕುಗಳನ್ನು ಬಿಡಬೇಡಿ ಅಂತ ಮಾಲೀಕರನ್ನು ಕೇಳಿಕೊಂಡಿತು. ಮೊದಲ ಮೂರು ದಿನ ವಿಮರ್ಶೆಯೇ ಬೇಡ ಅಂತ ಮದ್ರಾಸ್ ಹೈಕೋರ್ಟಿಗೂ ಹೋದರು, ಅಲ್ಲಿ ತಡೆ ಸಿಗಲಿಲ್ಲ. ನಮ್ಮಲ್ಲಿ 2025ರ ಡಿಸೆಂಬರ್‌ನಲ್ಲಿ ದರ್ಶನ್ ನಟಿಸಿದ 'ದಿ ಡೆವಿಲ್' ತೆರೆಗೆ ಬಂದಾಗ, ಬುಕ್‌ಮೈಶೋದಲ್ಲಿ ಆ ಸಿನಿಮಾದ ರೇಟಿಂಗ್ ಜಾಗದಲ್ಲಿ ಕಂಡದ್ದು ಒಂದು ಸೂಚನೆ: ಕೋರ್ಟ್ ಆದೇಶದಂತೆ ರೇಟಿಂಗ್ ಮತ್ತು ವಿಮರ್ಶೆಗಳನ್ನು ನಿಲ್ಲಿಸಲಾಗಿದೆ.

ಇಂಥ ಆದೇಶಗಳಿಗೆ ಜಾನ್ ಡೋ ಆದೇಶ ಅನ್ನುತ್ತಾರೆ, ನಮ್ಮ ದೇಶದ ಕೋರ್ಟುಗಳಲ್ಲಿ ಅಶೋಕ್ ಕುಮಾರ್ ಆದೇಶ ಅಂತಲೂ ಹೆಸರಿದೆ. ಯಾರು ತಪ್ಪು ಮಾಡುತ್ತಾರೆ ಅಂತ ಮೊದಲೇ ಗೊತ್ತಿಲ್ಲದಾಗ ಒಂದು ಕಲ್ಪಿತ ಹೆಸರಿನ ಮೇಲೆ ತಡೆ ತರುವುದು. ಪೈರಸಿಗೆ ಇದು ಬೇಕು, ಕದ್ದು ಹಾಕುವವನ ವಿಳಾಸ ಯಾರಿಗೂ ಗೊತ್ತಿರುವುದಿಲ್ಲ. ಆದರೆ ಟಿಕೆಟ್ ತಗೊಂಡು ನೋಡಿ ಬಂದವರ ಮಾತಿಗೂ ಅದೇ ಬೀಗ ಹಾಕಿದರೆ? ಕದ್ದವನೂ ಅಭಿಪ್ರಾಯ ಹೇಳಿದವನೂ ಒಂದೇ ಸಾಲಿನಲ್ಲಿ ನಿಂತ ಹಾಗಾಯಿತು.

ನಿರ್ಮಾಪಕರ ನೋವು ಸುಳ್ಳಲ್ಲ. ಶೋ ಶುರುವಾಗುವ ಮೊದಲೇ ಒಂದು ಸ್ಟಾರ್ ಬಿದ್ದಿರುತ್ತದೆ. ಐವತ್ತು ಖಾತೆಗಳಿಂದ ಒಂದೇ ವಾಕ್ಯ, ಅದರ ಕಾಗುಣಿತದ ತಪ್ಪೂ ಒಂದೇ. ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬ ನಟನ ಸಿನಿಮಾ ಮೇಲೆ ಗುಂಪು ಕಟ್ಟಿಕೊಂಡು ಬೀಳುತ್ತಾರೆ, ಮುಂದಿನ ತಿಂಗಳು ಆ ಕಡೆಯವರು ಈ ಕಡೆಗೆ. ಮನೆ ಅಡವಿಟ್ಟು ಸಿನಿಮಾ ಮಾಡಿದವರು ಇದನ್ನು ನೋಡುತ್ತಾ ಸುಮ್ಮನಿರಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಇದಕ್ಕೆ ಬೇರೆ ದಾರಿಗಳಿವೆ. ರಾಟನ್ ಟೊಮ್ಯಾಟೋಸ್ 2019ರಿಂದ ಟಿಕೆಟ್ ಕೊಂಡದ್ದು ಖಚಿತವಾದವರ ಅಂಕವನ್ನು ಬೇರೆ ಮಾಡಿ ತೋರಿಸುತ್ತದೆ. 2022ರಲ್ಲಿ ಅಮೆಜಾನ್ ತನ್ನ 'ರಿಂಗ್ಸ್ ಆಫ್ ಪವರ್' ಸರಣಿಗೆ ಬಂದ ವಿಮರ್ಶೆಗಳನ್ನು 72 ಗಂಟೆ ತಡೆದು, ನಕಲಿ ಯಾವುದು ಅಸಲಿ ಯಾವುದು ಅಂತ ಸೋಸಿ ಹಾಕಿತು. ತನ್ನದೇ ಸರಣಿಗೆ ತಾನೇ ಸೋಸುವುದು ಪೂರ್ತಿ ಒಪ್ಪುವಂಥದ್ದಲ್ಲ, ಆದರೂ ಬಾಯಿ ಮುಚ್ಚಿಸುವುದಕ್ಕಿಂತ ವಾಸಿ. ನಮ್ಮ ದೇಶದಲ್ಲೂ 2022ರಲ್ಲೇ ಆನ್‌ಲೈನ್ ವಿಮರ್ಶೆಗಳಿಗೆ ಅಂತ ಭಾರತೀಯ ಮಾನಕ ಬ್ಯೂರೋ ಒಂದು ಮಾನದಂಡ ತಂದಿದೆ, ಐಎಸ್ 19000 ಅಂತ. ಪಾಲಿಸಲೇಬೇಕು ಅನ್ನುವ ಕಡ್ಡಾಯ ಇಲ್ಲದೆ ತಂದರು. ಟಿಕೆಟ್ ಮಾರುವ ಆ್ಯಪ್‌ಗೆ ಯಾರು ಟಿಕೆಟ್ ತಗೊಂಡರು, ಅವರ ಶೋ ಎಷ್ಟು ಗಂಟೆಗೆ ಮುಗಿಯಿತು ಎಲ್ಲಾ ಗೊತ್ತು. ಶೋ ಮುಗಿದ ಮೇಲೆ, ಆ ಟಿಕೆಟ್‌ನವರಿಗೆ ಮಾತ್ರ, ಒಂದು ಟಿಕೆಟ್‌ಗೆ ಒಂದು ಅಭಿಪ್ರಾಯ. ಇದರಲ್ಲಿ ಕಷ್ಟ ಏನಿದೆ?

ಎಲ್ಲಕ್ಕಿಂತ ನನಗೆ ಕೋಪ ಬರುವುದು ಈ ಮೂರು ದಿನದ ಲೆಕ್ಕಕ್ಕೆ. ಕನ್ನಡದಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಸಿನಿಮಾ ಬಿಡುಗಡೆಯಾಗುತ್ತವೆ. ಶುಕ್ರವಾರ ಬಂದ ಸಣ್ಣ ಸಿನಿಮಾದ ಹಣೆಬರಹ ಸೋಮವಾರ ಬೆಳಗ್ಗೆ ಬರೆದಾಗಿರುತ್ತದೆ. ಶನಿವಾರ, ಭಾನುವಾರ ಸೀಟು ತುಂಬಿದರೆ ಶೋ ಉಳಿಯುತ್ತದೆ, ಇಲ್ಲದಿದ್ದರೆ ಮಧ್ಯಾಹ್ನದ ಒಂದು ಶೋಗೆ ಇಳಿದು ಗುರುವಾರಕ್ಕೆ ಮಾಯ. ದೊಡ್ಡ ನಟರ ಸಿನಿಮಾಗೆ ಮೊದಲ ಮೂರು ದಿನ ಯಾರೂ ಮಾತಾಡದಿದ್ದರೆ ಲಾಭ, ಯಾಕೆಂದರೆ ಟಿಕೆಟ್ ಆಗಲೇ ಹೋಗಿರುತ್ತದೆ. ಸಣ್ಣ ಸಿನಿಮಾಗೆ ಇರುವುದೇ ಆ ಮೂರು ದಿನ, ಆ ಮೂರು ದಿನಕ್ಕೆ ಇರುವ ಬಂಡವಾಳ ಬಾಯಿಮಾತು ಒಂದೇ. ಪೋಸ್ಟರ್‌ಗೆ ದುಡ್ಡಿಲ್ಲದವರಿಗೆ ನೋಡಿ ಬಂದವರ ನಾಲಿಗೆಯೇ ಪೋಸ್ಟರ್.

2015ರ ಜುಲೈ 3ಕ್ಕೆ 'ರಂಗಿತರಂಗ' ಬಂತು. ಹೊಸಬರ ತಂಡ. ಒಂದೇ ವಾರಕ್ಕೆ, ಜುಲೈ 10ಕ್ಕೆ, 'ಬಾಹುಬಲಿ' ಬಂತು. ಮಲ್ಟಿಪ್ಲೆಕ್ಸ್‌ಗಳು ಕನ್ನಡ ಸಿನಿಮಾದ ಶೋ ಕಡಿಮೆ ಮಾಡಿದಾಗ ದನಿ ಎತ್ತಿದ್ದು ನೋಡಿದ್ದವರು, ಚೆನ್ನಾಗಿದೆ ಅಂತ ಊರೆಲ್ಲಾ ಹೇಳಿದ್ದವರು. ಸಿನಿಮಾ ನಿಂತಿತು, ಆಮೇಲೆ ಅಮೆರಿಕದಲ್ಲಿರುವ ಕನ್ನಡಿಗರ ತನಕ ಹೋಯಿತು. 'ಕಾಂತಾರ' 2022ರ ಸೆಪ್ಟೆಂಬರ್ 30ಕ್ಕೆ ಬಂದಾಗ ಕನ್ನಡದಲ್ಲಿ ಮಾತ್ರ ಇತ್ತು. ನೋಡಿದವರು ಮಾತಾಡಿ ಮಾತಾಡಿ, ಎರಡು ವಾರದಲ್ಲಿ ಹಿಂದಿ, ತೆಲುಗಿಗೆ ಹೋಗಲೇಬೇಕಾಯಿತು. ಜೆ.ಪಿ. ತುಮಿನಾಡು ನಿರ್ದೇಶಿಸಿದ 'ಸು ಫ್ರಮ್ ಸೋ' 2025ರ ಜುಲೈ 25ಕ್ಕೆ ಬರುವ ಮೊದಲೇ ಪ್ರೀಮಿಯರ್ ಶೋ ಇಟ್ಟರು. ಇದು ನನಗೆ ತುಂಬಾ ಇಷ್ಟವಾದ ಧೈರ್ಯ. ಮೂರು ದಿನ ಬಾಯಿ ಮುಚ್ಚಿ ಅನ್ನುವುದಕ್ಕೆ ತದ್ವಿರುದ್ಧ. ನೀವು ಮೊದಲೇ ನೋಡಿ, ನೋಡಿ ಏನು ಬೇಕಾದರೂ ಹೇಳಿ ಅಂತ. ಐದಾರು ಕೋಟಿಯ ಆಸುಪಾಸಿನ ಸಿನಿಮಾ ನೂರು ಕೋಟಿ ದಾಟಿತು.

ಟಿಕೆಟ್ ಬೆಲೆಯನ್ನೂ ಇಲ್ಲಿ ಮರೆಯಬಾರದು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನರ ಮನೆಯವರು ಭಾನುವಾರ ಮಲ್ಟಿಪ್ಲೆಕ್ಸ್‌ಗೆ ಹೋಗಿ ಪಾಪ್‌ಕಾರ್ನ್ ತಿಂದು ಬಂದರೆ ಆ ವಾರದ ತರಕಾರಿ, ಹಾಲಿನ ದುಡ್ಡು ಹೋದ ಹಾಗೆ. ಅಷ್ಟು ಖರ್ಚು ಮಾಡುವ ಮೊದಲು "ಹೇಗಿದೆಯಂತೆ?" ಅಂತ ಕೇಳುವುದು ಸಿನಿಮಾಗೆ ಮಾಡುವ ಅವಮಾನ ಅಲ್ಲ. ಅಂಗಡಿಯಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ನೋಡುವ ಹಾಗೆ, ಅಷ್ಟೇ.

ನಾನಂತೂ ಈಗ ಅಂಕಿ ನೋಡುವುದು ಕಡಿಮೆ ಮಾಡಿದ್ದೇನೆ. ವಿಮರ್ಶೆ ಓದುವಾಗಲೂ ಐದು ಸ್ಟಾರ್, ಒಂದು ಸ್ಟಾರ್ ಬಿಟ್ಟು ನಡುವಿನ ಮೂರು ಸ್ಟಾರ್‌ನವರು ಏನು ಬರೆದಿದ್ದಾರೆ ಅಂತ ಹುಡುಕುತ್ತೇನೆ. ಅವರು ಒಂದು ದೃಶ್ಯದ ಹೆಸರು ಹೇಳುತ್ತಾರೆ, ಏನು ಹಿಡಿಸಿತು ಏನು ಹಿಡಿಸಲಿಲ್ಲ ಎರಡನ್ನೂ ಹೇಳುತ್ತಾರೆ. ಹೇಳಿದವರಿಗೆ ಬೇರೆ ಏನು ಇಷ್ಟ ಅಂತ ಗೊತ್ತಿದ್ದರೆ ಇನ್ನೂ ಒಳ್ಳೆಯದು. ನನ್ನ ಆಫೀಸಿನ ಗೆಳೆಯ ಒಬ್ಬ "ತುಂಬಾ ಸ್ಲೋ" ಅಂದ ಸಿನಿಮಾಗಳೆಲ್ಲಾ ನನಗೆ ಹಿಡಿಸುತ್ತವೆ. ಅವನ ಮಾತು ನನಗೆ ಯಾವ ರೇಟಿಂಗ್‌ಗಿಂತಲೂ ನಂಬಿಕೆ.

'ಸು ಫ್ರಮ್ ಸೋ'ಗೆ ಅಮ್ಮನನ್ನು ಎರಡನೇ ವಾರ ಕರೆದುಕೊಂಡು ಹೋಗಿದ್ದೆ. ತುಮಕೂರಿನವರಿಗೆ ಮಂಗಳೂರು ಕಡೆಯ ಕನ್ನಡ ಮೊದಲ ಹತ್ತು ನಿಮಿಷ ಸ್ವಲ್ಪ ತೊಡಕಾಯಿತು, ಆಮೇಲೆ ಪಕ್ಕದ ಸೀಟಿನವರ ತೋಳು ತಟ್ಟಿ ನಕ್ಕರು. ವಾಪಸ್ ಬರುವಾಗ ಆಟೋದಲ್ಲೇ ಫೋನ್ ತೆಗೆದು ಮೂರು ಜನಕ್ಕೆ ಹೇಳಿದರು. ಮೂವರಲ್ಲಿ ಇಬ್ಬರ ಮನೆಯವರು ಹೋದರು, ಒಟ್ಟು ಎಂಟು ಟಿಕೆಟ್. ನಮ್ಮ ಚಿಕ್ಕಮ್ಮನಿಗೆ ಅಷ್ಟೇನೂ ಹಿಡಿಸಲಿಲ್ಲ. "ದೆವ್ವ ಅಂತ ಹೇಳಿ ಬರೀ ನಗಿಸಿ ಕಳಿಸಿದ್ರಲ್ಲೇ" ಅಂತ ಫೋನ್ ಮಾಡಿ ಜಗಳ ಆಡಿದರು. ಅಮ್ಮನೂ ಬಿಡಲಿಲ್ಲ, ಅರ್ಧ ಗಂಟೆ ಮಾತಾಯಿತು, ಆ ಹೊತ್ತಿಗೆ ಏಳೂವರೆಯ ಸೀರಿಯಲ್ ಅರ್ಧ ಮುಗಿದುಹೋಗಿತ್ತು.